ಬೀಜ, ಕಡ್ಡಿ, ಪಾರ್ಸಲ್



ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕಿನ ರೈತರಿಗೆ ಸಸಿಯ ವ್ಯಾಪಾರ ಹೊಸದೇನಲ್ಲ. ಮುಂಗಾರು ಹತ್ತಿರ ಬಂತೆಂದರೆ ನೆರಳು ಪರದೆಯ ಕೆಳಗೆ ಮೆಣಸಿನಕಾಯಿ ಅಗಿ ಹಸಿರಾಗಿ ಎದ್ದು ನಿಲ್ಲುತ್ತದೆ. ಟ್ರೇ ಲೆಕ್ಕದಲ್ಲಿ ಮಾತು, ಫೋನಿನಲ್ಲೇ ಬುಕಿಂಗ್, ಹೊಲ ಹದವಾದ ದಿನ ಟಂಟಂ ಗಾಡಿಯಲ್ಲಿ ಅಗಿ ಹೊಲಕ್ಕೆ. ಅಗಿ ಬೆಳೆಸುವವರು ಬೇರೆ, ಹಚ್ಚುವವರು ಬೇರೆ ಎಂಬ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಆದರೆ ಇವತ್ತು ನಾನು ಹೇಳಹೊರಟಿರುವುದು ಇದಕ್ಕಿಂತ ಒಂದು ಹೆಜ್ಜೆ ಮುಂದಿನ ಮಾತು. ಮನೆಯ ಹಿತ್ತಲಲ್ಲಿ, ಹೊಲದ ಬದುವಿನಲ್ಲಿ ಬೀಜದಿಂದ, ಕಡ್ಡಿಯಿಂದ ಗಿಡ ಮಾಡಿ, ಮೊಬೈಲ್ ಮೂಲಕ ಬೆಂಗಳೂರು, ಹೈದರಾಬಾದ್, ಪುಣೆಯ ಗಿರಾಕಿಗೆ ಪಾರ್ಸಲ್ ಕಳಿಸುವ ಕಸುಬು ನಮ್ಮ ಭಾಗದಲ್ಲಿ ಆಗುತ್ತದೆಯೇ, ಆಗುವುದಾದರೆ ಯಾವ ಗಿಡದಿಂದ, ಯಾವ ಎಚ್ಚರದಿಂದ ಎಂಬುದು ಇವತ್ತಿನ ವಿಷಯ.

ಒಂದು ಊರಿನ ಗಿಡವನ್ನು ಇನ್ನೊಂದು ಊರಿಗೆ ಕಳಿಸುವ ಕೆಲಸಕ್ಕೆ ಬಹಳ ಹಳೆಯ ದಾಖಲೆ ಇದೆ. ಮಸ್ಕಿಯವರಿಗೆ ಅಶೋಕನ ಪರಿಚಯ ಹೇಳಬೇಕಿಲ್ಲ. 1915ರಲ್ಲಿ ಚಿನ್ನದ ಗಣಿ ಇಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಮಸ್ಕಿಯ ಬಂಡೆಯ ಮೇಲೆ 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಸಿಕ್ಕಿತು. ಅದೇ ಅಶೋಕನ ಎರಡನೆಯ ಬಂಡೆಗಲ್ಲು ಶಾಸನ ಗುಜರಾತಿನ ಗಿರ್ನಾರ್ ಮೊದಲಾದ ಕಡೆ ಇದೆ. ಮನುಷ್ಯರಿಗೂ ದನಕರುಗಳಿಗೂ ಬೇಕಾದ ಔಷಧಿ ಗಿಡಗಳು ಎಲ್ಲಿ ಇರಲಿಲ್ಲವೋ ಅಲ್ಲಿಗೆ ತರಿಸಿ ನೆಡಿಸಿದೆ, ಬೇರು ಮತ್ತು ಹಣ್ಣಿನ ಗಿಡಗಳನ್ನೂ ಹಾಗೆಯೇ ಮಾಡಿಸಿದೆ ಎಂದು ಅದರಲ್ಲಿ ಬರೆಸಿದ್ದಾನೆ. ಇಲ್ಲದ ಕಡೆಗೆ ಇರುವ ಗಿಡ ಹೋಗಬೇಕು. ಗಿಡದ ವ್ಯಾಪಾರದ ತಿರುಳೂ ಇಷ್ಟೇ. ಆದ್ದರಿಂದ ನಾವು ಮೊದಲು ಕೇಳಿಕೊಳ್ಳಬೇಕಾದದ್ದು, ನಮ್ಮಲ್ಲಿ ಚೆನ್ನಾಗಿ ಬರುವ ಯಾವ ಗಿಡ ಬೇರೆ ಕಡೆಯವರಿಗೆ ಬೇಕಾಗಿದೆ ಎಂದು.

ಈಗ ನಮ್ಮ ಭಾಗದ ರಸ್ತೆ ಬದಿಯ ನರ್ಸರಿಗಳಲ್ಲಿ ಕಾಣುವ ಹೂಗಿಡ, ಅಲಂಕಾರದ ಗಿಡಗಳಲ್ಲಿ ಎಷ್ಟೋ ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ಕಡಿಯಂ ಕಡೆಯಿಂದ ಲಾರಿಯಲ್ಲಿ ಬರುತ್ತವೆ. ಕಡಿಯಂ ಸುತ್ತಿನ ಹಳ್ಳಿಗಳದ್ದು ದೇಶದಲ್ಲೇ ಹೆಸರಾದ ನರ್ಸರಿ ಸೀಮೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕರಾವಳಿಯಿಂದ ಬಂದು ಸಿಂಧನೂರು ಸುತ್ತಿನ ಕ್ಯಾಂಪುಗಳಲ್ಲಿ ನೆಲೆನಿಂತವರಿಗೆ ಆ ಹೆಸರು ಚೆನ್ನಾಗಿ ಗೊತ್ತು. ಕಡಿಯಂನಿಂದ ತಂದ ಗಿಡಕ್ಕೆ ಹತ್ತಿಪ್ಪತ್ತು ರೂಪಾಯಿ ಸೇರಿಸಿ ಆನ್‌ಲೈನ್‌ನಲ್ಲಿ ಮಾರಹೊರಟರೆ ನಮ್ಮ ವ್ಯಾಪಾರ ನಿಲ್ಲುವುದಿಲ್ಲ. ಅದೇ ಗಿಡವನ್ನು ಕಡಿಯಂನವರೇ ನಮಗಿಂತ ಕಡಿಮೆ ಬೆಲೆಗೆ ನೇರವಾಗಿ ಕಳಿಸಬಲ್ಲರು. ತೇಗ, ಬೇವು, ಹೊಂಗೆ ಮಾರುತ್ತೇನೆಂದರೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ರೈತರಿಗೆ ರಿಯಾಯಿತಿ ದರದಲ್ಲೇ ಸಿಗುತ್ತವೆ. ಹಾಗಾದರೆ ನಮ್ಮ ಕೈಯಲ್ಲಿ ಉಳಿಯುವುದು ಏನು?

ನಮ್ಮ ಕೈಯಲ್ಲಿ ಉಳಿಯುವುದು ತಾಯಿ ಗಿಡದ ಗುರುತು. ಯಾವ ಗಿಡದಿಂದ ಬೀಜ ತೆಗೆದೆ, ಯಾವ ಗಿಡದಿಂದ ಕಡ್ಡಿ ಕೊಯ್ದೆ, ಅದರ ಹೂವಿನ ಬಣ್ಣ ಯಾವುದು, ಕಾಯಿ ಎಷ್ಟು ಉದ್ದ, ಎಷ್ಟು ಬಿಸಿಲು ತಡೆದಿದೆ, ರೋಗ ಬಂದಿತ್ತೇ ಎಂದು ಎದೆ ಮುಟ್ಟಿಕೊಂಡು ಹೇಳಬಲ್ಲವನು ಮಾತ್ರ ಈ ವ್ಯಾಪಾರದಲ್ಲಿ ಬಾಳುತ್ತಾನೆ. ಕಾರಣ ಸರಳ. ಸಂತೆಯಲ್ಲಿ ಗಿರಾಕಿ ಮಾಲನ್ನು ಮುಟ್ಟಿ ನೋಡಿ ಕೊಳ್ಳುತ್ತಾನೆ. ಮೊಬೈಲ್ ವ್ಯಾಪಾರದಲ್ಲಿ ಅವನು ನೋಡುವುದು ಚಿತ್ರವನ್ನು. ಪಾರ್ಸಲ್ ಬಿಚ್ಚಿದಾಗ ಸಿಗುವುದು ನಾಲ್ಕೆಲೆಯ ಸಸಿ. ಹೂವು, ಹಣ್ಣು ಕಾಣುವುದು ಇನ್ನೊಂದು ವರ್ಷಕ್ಕೋ ಮೂರು ವರ್ಷಕ್ಕೋ. ಆಗ ಫೋನ್ ಬರುತ್ತದೆ: "ಅಣ್ಣಾರ, ಕೆಂಪಂತ ಹೇಳಿ ಕೊಟ್ಟಿದ್ರಿ, ಬಿಳಿ ಹೂ ಬಿಟ್ಟೈತಲ್ರಿ!" ಆ ಹೊತ್ತಿಗೆ ನಾವು ಕೊಡುವ ಉತ್ತರ ಮೂರು ವರ್ಷದ ಹಿಂದೆ ಕಡ್ಡಿ ಕೊಯ್ದ ದಿನವೇ ತೀರ್ಮಾನವಾಗಿರುತ್ತದೆ.

ಕರ್ನಾಟಕದ ತೋಟಗಾರಿಕೆಯನ್ನು ಕಟ್ಟಿದವರಿಗೆ ಈ ಮಾತು ಗೊತ್ತಿತ್ತು. ಜರ್ಮನಿಯಿಂದ ಬಂದ ಕ್ರುಂಬಿಗಲ್ ಅವರು 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಮೇಲೆ ಹೊರದೇಶಗಳ ಜೊತೆ ಬೀಜ, ಗಿಡಗಳ ವಿನಿಮಯ ಬೆಳೆಸಿದರು. ಆಮೇಲೆ ಬಂದ ಡಾ. ಎಂ. ಎಚ್. ಮರಿಗೌಡರು ರಾಜ್ಯದ ಉದ್ದಗಲಕ್ಕೂ ತೋಟಗಾರಿಕೆ ಕ್ಷೇತ್ರಗಳನ್ನು ಕಟ್ಟಿಸಿ, ಅಲ್ಲಿ ಒಳ್ಳೆಯ ತಾಯಿ ಮರಗಳನ್ನು ಬೆಳೆಸಿ, ಆ ಮರಗಳಿಂದಲೇ ಸಸಿ ಮಾಡಿ ರೈತರಿಗೆ ಕೊಡುವ ದಾರಿ ಹಾಕಿದರು. ಒಂದು ಕ್ಷೇತ್ರದ ಬೆಲೆ ಅದರೊಳಗಿನ ತಾಯಿ ಮರದ್ದು. ನಮ್ಮ ಹಿತ್ತಲಿಗೂ ಇದೇ ನಿಯಮ.

ಇಲ್ಲಿ ಬೀಜಕ್ಕೂ ಕಡ್ಡಿಗೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು. ಬೀಜದಲ್ಲಿ ತಾಯಿಯೂ ಇದ್ದಾಳೆ, ತಂದೆಯೂ ಇದ್ದಾನೆ. ತಂದೆ ಯಾವ ಹೊಲದ ಹೂವೋ, ಜೇನುಹುಳಕ್ಕೇ ಗೊತ್ತು. ಕಡ್ಡಿಯಲ್ಲಿ ಇರುವವಳು ತಾಯಿ ಒಬ್ಬಳೇ. ಕೆಂಪು ದಾಸವಾಳದ ಕಡ್ಡಿ ನೆಟ್ಟರೆ ಅದೇ ಕೆಂಪು ದಾಸವಾಳ ಬರುತ್ತದೆ. ಗುಲಾಬಿ ಬೀಜ ಬಿತ್ತಿದರೆ ತಾಯಿಯ ಹೂವೇ ಬರುತ್ತದೆ ಎನ್ನುವ ಭರವಸೆ ಯಾರೂ ಕೊಡಲಾರರು. ಆದ್ದರಿಂದಲೇ ನೂರು ರೂಪಾಯಿಗೆ ಇಪ್ಪತ್ತು ಬಣ್ಣದ ಗುಲಾಬಿ ಬೀಜ, ನೀಲಿ ಗುಲಾಬಿ ಬೀಜ, ನೀಲಿ ಸ್ಟ್ರಾಬೆರಿ ಬೀಜ ಎಂದು ಮೊಬೈಲಿನಲ್ಲಿ ಬರುವ ಜಾಹೀರಾತು ಬರೀ ಮೋಸ. ಆ ಚಿತ್ರಗಳು ಕಂಪ್ಯೂಟರಿನಲ್ಲಿ ಬಣ್ಣ ಬಳಿದವು.

ತರಕಾರಿ ಬೀಜದಲ್ಲಿಯೂ ಎಲ್ಲವೂ ಒಂದೇ ಜಾತಿಯಲ್ಲ. ಟೊಮ್ಯಾಟೊ, ಚವಳಿಕಾಯಿ, ಮೆಂತ್ಯ, ನಮ್ಮ ಪುಂಡಿಪಲ್ಲೆ ಇವು ಹೆಚ್ಚಾಗಿ ತಮ್ಮ ಹೂವಿನೊಳಗೇ ಪರಾಗ ಮುಗಿಸುತ್ತವೆ. ಇವುಗಳ ಬೀಜ ತೆಗೆಯುವುದು ಸುಲಭ, ತಳಿ ಕೆಡುವ ಭಯ ಕಡಿಮೆ. ಹೀರೆ, ಸೋರೆ, ಸವತೆ, ಕುಂಬಳ ಹಾಗಲ್ಲ. ಇವುಗಳ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ, ನಡುವೆ ಜೇನುಹುಳ. ಪಕ್ಕದ ಹೊಲದಲ್ಲಿ ಕಹಿ ಸೋರೆ ಬಳ್ಳಿ ಇದ್ದರೆ ನಿಮ್ಮ ಸಿಹಿ ಸೋರೆಯ ಬೀಜದಿಂದ ಮುಂದಿನ ವರ್ಷ ಕಹಿ ಕಾಯಿ ಬರಬಹುದು. ಬೀಜಕ್ಕೆಂದು ಬಿಡುವ ಹೆಣ್ಣು ಹೂವಿಗೆ ಅರಳುವ ಹಿಂದಿನ ಸಂಜೆಯೇ ಬಟ್ಟೆ ಚೀಲ ಕಟ್ಟಿ, ಅರಳಿದ ಮೇಲೆ ಅದೇ ತಳಿಯ ಗಂಡು ಹೂವಿನಿಂದ ಕೈಯಾರೆ ಪರಾಗ ಮುಟ್ಟಿಸಿ, ಮತ್ತೆ ಚೀಲ ಕಟ್ಟಿ ಗುರುತಿನ ದಾರ ಕಟ್ಟಬೇಕು. ನುಗ್ಗೆಯದೂ ಇದೇ ಪಾಡು. ಪೆರಿಯಕುಳಂನ ಪಿಕೆಎಂ-1, ಅರಭಾವಿಯ ತೋಟಗಾರಿಕೆ ಕಾಲೇಜಿನ ಭಾಗ್ಯ, ಎರಡೂ ಬೀಜದಿಂದಲೇ ಬೆಳೆಯುವ ಒಳ್ಳೆಯ ತಳಿಗಳು. ಆದರೆ ಬದುವಿನ ನಾಟಿ ನುಗ್ಗೆಯ ಪಕ್ಕ ಬೆಳೆದ ಗಿಡದ ಬೀಜವನ್ನು ಆ ಹೆಸರಿನಲ್ಲಿ ಮಾರಿದರೆ ಅದು ಸುಳ್ಳಾಗುತ್ತದೆ. ಹೈಬ್ರಿಡ್ ತಳಿಯ ಕಾಯಿಯಿಂದ ತೆಗೆದ ಬೀಜವನ್ನಂತೂ ಮಾರಲೇಬಾರದು. ಮರುಪೀಳಿಗೆಯಲ್ಲಿ ಅದು ಒಡೆದು ಹತ್ತು ಬಗೆಯ ಗಿಡ ಕೊಡುತ್ತದೆ.

ಕಡ್ಡಿಯ ದಾರಿಯಲ್ಲಿ ತಳಿ ಕೆಡುವುದಿಲ್ಲ, ಸರಿ. ಆದರೆ ತಾಯಿಯ ರೋಗವೂ ಕಡ್ಡಿಯ ಜೊತೆಗೇ ಹೋಗುತ್ತದೆ. ಇದಕ್ಕೆ ಸಾಕ್ಷಿ ದೂರದಲ್ಲಿಲ್ಲ. ಉತ್ತರ ಕರ್ನಾಟಕದ ದಾಳಿಂಬೆ ಬೆಳೆಗಾರರನ್ನು ಕೇಳಿ ನೋಡಿ. ದುಂಡಾಣು ಅಂಗಮಾರಿ ರೋಗ ತೋಟ ತೋಟಗಳನ್ನೇ ಕೀಳಿಸಿಬಿಟ್ಟಿತು. ಎಲೆ ಮೇಲೆ ಎಣ್ಣೆ ಹನಿಯಂಥ ಕಪ್ಪು ಚುಕ್ಕೆ, ಹಣ್ಣಿನ ಮೇಲೆ ಸೀಳು, ಮಾರುಕಟ್ಟೆಗೆ ಒಯ್ಯಲಾಗದ ಮಾಲು. ಮಳೆಹನಿ, ಗಾಳಿ, ಕತ್ತರಿ, ಕೈ ಎಲ್ಲವೂ ಆ ರೋಗವನ್ನು ತೋಟದೊಳಗೆ ಹಬ್ಬಿಸುತ್ತವೆ. ಆದರೆ ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ಅದು ದೂರ ದಾಟುವುದು ರೋಗ ಹತ್ತಿದ ತಾಯಿಯಿಂದ ಮಾಡಿದ ಗೂಟಿ ಮತ್ತು ಕಡ್ಡಿಯ ಸಸಿಗಳ ಜೊತೆ. ಸಸಿಯಲ್ಲಿ ಚುಕ್ಕೆ ಕಾಣದೆ ಇರಬಹುದು, ರೋಗ ಒಳಗೇ ಕೂತಿರಬಹುದು. ಒಂದು ಪಾರ್ಸಲ್ ಒಬ್ಬನ ತೋಟವನ್ನೇ ಹಾಳು ಮಾಡಬಲ್ಲದು. ಆದ್ದರಿಂದ ಲಿಂಗಸುಗೂರು ಕಡೆಯ ದಾಳಿಂಬೆ ರೈತರಿಗೆ ನನ್ನ ಮಾತು ಇಷ್ಟೇ: ತೋಟದಲ್ಲಿ ಒಮ್ಮೆಯಾದರೂ ಅಂಗಮಾರಿ ಕಂಡಿದ್ದರೆ ಕಡ್ಡಿ ಮಾರುವ ಆಸೆ ಬಿಡಿ.

ಈಗ ಯಾವ ಗಿಡ ಎಂಬ ಮಾತಿಗೆ ಬರೋಣ. ನಮ್ಮ ಬಿಸಿಲನ್ನು ನಾವು ಬೈಯುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ ನಲವತ್ತು ಡಿಗ್ರಿ ದಾಟುತ್ತದೆ. ಈ ಬಿಸಿಲನ್ನು ಕುಡಿದು ಬೆಳೆಯುವ ಗಿಡಗಳೇ ನಮ್ಮ ಸರಕು. ಮೊದಲನೆಯದು ಅಡೇನಿಯಂ, ಮರುಭೂಮಿ ಗುಲಾಬಿ ಎಂದು ಮಾರುವ ಗಿಡ. ದಪ್ಪ ಬುಡದಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣು ಉದುರಿಸಿ, ಬೇರು ಒಣಗಿಸಿ, ಕಾಗದ ಸುತ್ತಿ ಕಳಿಸಿದರೆ ದಿನಗಟ್ಟಲೆ ಬಾಡುವುದಿಲ್ಲ. ಅಂಚೆಗೆಂದೇ ಹುಟ್ಟಿದ ಗಿಡ ಎನ್ನಬಹುದು. ಇದರ ಜೋಡಿ ಕೋಡು ಬಲಿತು ಒಡೆದಾಗ ಬೀಜ ಅರಳೆ ಕಟ್ಟಿಕೊಂಡು ಹಾರಿಹೋಗುತ್ತದೆ. ಹಾಗಾಗಿ ಕೋಡು ಬಲಿಯುವಾಗಲೇ ದಾರ ಸುತ್ತಿಡಬೇಕು. ತಾಜಾ ಬೀಜ ಒಂದು ವಾರದೊಳಗೆ ಮೊಳೆಯುತ್ತದೆ. ಬೀಜದ ಗಿಡದಲ್ಲಿ ತಾಯಿಯ ಬಣ್ಣವೇ ಬರುತ್ತದೆಂದು ಹೇಳಲಾಗದು. ಬಣ್ಣ ಖಚಿತವಾಗಬೇಕಾದರೆ ಕಸಿ ಕಟ್ಟಬೇಕು. ಇದರ ಹಾಲು ವಿಷ, ಮಕ್ಕಳಿಂದ ದೂರವಿಡಿ ಎಂಬ ಚೀಟಿಯನ್ನು ಪಾರ್ಸಲಿನಲ್ಲಿ ಮರೆಯದೆ ಇಡಬೇಕು.

ಎರಡನೆಯದು ಒಣಗಿಸಿ ಕಳಿಸುವ ಕಡ್ಡಿಗಳು: ಡ್ರ್ಯಾಗನ್ ಹಣ್ಣು, ದೇವಕಣಗಿಲೆ, ಮಂಗರವಳ್ಳಿ, ಅಮೃತಬಳ್ಳಿ. ಡ್ರ್ಯಾಗನ್ ಹಣ್ಣಿನ ಒಂದು ಗೇಣು ತುಂಡನ್ನು ನೆರಳಿನಲ್ಲಿ ಐದಾರು ದಿನ ಇಟ್ಟು, ಕೊಯ್ದ ಜಾಗ ಒಣಗಿ ಗಟ್ಟಿಯಾದ ಮೇಲೆ ಕಳಿಸಿದರೆ ದಾರಿಯಲ್ಲಿ ಕೊಳೆಯುವುದಿಲ್ಲ. ಅಮೃತಬಳ್ಳಿಯ ತುಂಡನ್ನಂತೂ ಗೂಟಕ್ಕೆ ತೂಗುಹಾಕಿದರೂ ಚಿಗುರುತ್ತದೆ. ಇವುಗಳಿಗೆ ಕುಂಡವೂ ಬೇಡ, ಮಣ್ಣೂ ಬೇಡ, ತೂಕವೂ ಇಲ್ಲ. ಮೂರನೆಯದು ಬೇರು ಬಿಟ್ಟ ಹೂಗಿಡ: ದಾಸವಾಳ, ದುಂಡುಮಲ್ಲಿಗೆ, ಕಾಗದದ ಹೂ. ನಾಲ್ಕನೆಯದು ಬೀಜ: ಪುಂಡಿ, ಚವಳಿ, ನಾಟಿ ಹೀರೆ, ನುಗ್ಗೆ. ಊರು ಬಿಟ್ಟು ಬೆಂಗಳೂರು ಸೇರಿದ ನಮ್ಮ ಭಾಗದ ಜನ ತಾರಸಿಯ ಮೇಲೆ ಪುಂಡಿ ಬೆಳೆಯಲು ಹಾತೊರೆಯುತ್ತಾರೆ. ಹಬೆಯಾಡುವ ಜೋಳದ ರೊಟ್ಟಿಯ ಜೊತೆ ಪುಂಡಿಪಲ್ಲೆ ಬೇಕೆನ್ನುವ ಗಿರಾಕಿಗಿಂತ ಒಳ್ಳೆಯ ಗಿರಾಕಿ ಇನ್ನೆಲ್ಲಿ ಸಿಕ್ಕಾನು?

ಎಲ್ಲ ಬೀಜವೂ ಪೊಟ್ಟಣಕ್ಕೆ ಒಗ್ಗುವುದಿಲ್ಲ ಎಂಬುದನ್ನು ನೆನಪಿಡಿ. ಕರಿಬೇವಿನ ಹಣ್ಣು ಕಪ್ಪಾದ ಕೂಡಲೇ ತಿರುಳು ತೆಗೆದು ಬಿತ್ತಬೇಕು, ಒಣಗಿಸಿದರೆ ಬೀಜ ಸಾಯುತ್ತದೆ. ಬೇವಿನ ಬೀಜವೂ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಇವನ್ನು ಸಸಿ ಮಾಡಿಯೇ ಮಾರಬೇಕು. ಪುಂಡಿ, ಚವಳಿ, ಹೀರೆಯಂಥ ಬೀಜ ಒಣಗಿದಷ್ಟೂ ಬಾಳುತ್ತವೆ. ಬೀಜದ ತೇವ ಶೇಕಡಾ ಒಂದರಷ್ಟು ಇಳಿದರೆ ಅದರ ಬಾಳಿಕೆ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಬೀಜ ವಿಜ್ಞಾನದಲ್ಲಿ ಒಪ್ಪಿದ ಲೆಕ್ಕ. ನಮ್ಮ ಅಜ್ಜಿಯರು ಸೋರೆಬುರುಡೆಯಲ್ಲಿ ಬೂದಿ ಬೆರೆಸಿ ಬೀಜ ಇಡುತ್ತಿದ್ದುದು ಇದೇ ಕಾರಣಕ್ಕೆ. ಮಾರುವ ಮೊದಲು ನೂರು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಮೊಳಕೆ ನೋಡಿ. ಎಂಬತ್ತು ಮೊಳೆತರೆ ಪೊಟ್ಟಣದ ಮೇಲೆ ಎಂಬತ್ತು ಎಂದೇ ಬರೆಯಿರಿ, ಪರೀಕ್ಷೆ ಮಾಡಿದ ತಿಂಗಳನ್ನೂ ಬರೆಯಿರಿ.

ಇನ್ನು ಕಡ್ಡಿ ಬೇರು ಬಿಡಿಸುವ ರೀತಿ. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಗಾಳಿಯಲ್ಲಿ ತೇವ ಇರುವಾಗ ಈ ಕೆಲಸ ಮಾಡಬೇಕು. ಪೆನ್ಸಿಲ್ ದಪ್ಪದ, ತೀರ ಎಳೆಯದೂ ಅಲ್ಲದ ತೀರ ಬಲಿತದ್ದೂ ಅಲ್ಲದ ಟೊಂಗೆಯಿಂದ ಆರು ಅಂಗುಲದ ತುಂಡು ತೆಗೆಯಿರಿ. ಮೂರು ನಾಲ್ಕು ಕಣ್ಣು ಇರಲಿ. ಕೆಳಗಿನ ಕೊಯ್ತ ಕಣ್ಣಿನ ಕೆಳಗೆ ಓರೆಯಾಗಿರಲಿ, ಮೇಲಿನದು ನೇರವಾಗಿರಲಿ, ತಲೆಕೆಳಗು ಊರುವ ತಪ್ಪು ಆಗುವುದಿಲ್ಲ. ತುದಿಯ ಎರಡೆಲೆ ಬಿಟ್ಟು ಉಳಿದವನ್ನು ತೆಗೆಯಿರಿ, ಆ ಎರಡನ್ನೂ ಅರ್ಧ ಕತ್ತರಿಸಿ. ಬೇರಿಲ್ಲದ ಕಡ್ಡಿಗೆ ಎಲೆ ಹೆಚ್ಚಾದರೆ ನೀರು ಆರಿ ಸಾಯುತ್ತದೆ. ಬೇರು ಬರಿಸುವ ಐಬಿಎ ಪುಡಿ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ, ಬುಡಕ್ಕೆ ಸ್ವಲ್ಪ ಅಂಟಿಸಿದರೆ ಸಾಕು. ಊರಿದ ಮೇಲೆ ಬಿದಿರಿನ ದಬ್ಬೆ ಬಗ್ಗಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿ, ನೆರಳಿನಲ್ಲಿಡಿ. ದಾಸವಾಳ ನಾಲ್ಕರಿಂದ ಆರು ವಾರಕ್ಕೆ ಬೇರು ಬಿಡುತ್ತದೆ. ಒಂದು ತಾಯಿ ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿಕೊಳ್ಳಿ.

ಊರುವ ಮಿಶ್ರಣದ ವಿಷಯದಲ್ಲಿ ಸಿಂಧನೂರಿನವರಿಗೆ ಒಂದು ಅನುಕೂಲ ಇದೆ, ಯಾರೂ ಗಮನಿಸಿಲ್ಲ. ನಮ್ಮ ಎರೆಮಣ್ಣು ನೆಲ್ಲಿಗೆ, ಹತ್ತಿಗೆ ಬಂಗಾರ. ಆದರೆ ಕಡ್ಡಿಗೆ ಅದು ಶತ್ರು. ನೀರು ಕುಡಿದರೆ ಉಬ್ಬಿ ಗಾಳಿ ಆಡದಂತೆ ಬಿಗಿದುಕೊಳ್ಳುತ್ತದೆ, ಒಣಗಿದರೆ ಬಿರಿದು ಎಳೆ ಬೇರನ್ನು ಹರಿಯುತ್ತದೆ. ಅದಕ್ಕೆಂದು ಎಲ್ಲರೂ ತುಮಕೂರು, ತಿಪಟೂರು ಕಡೆಯ ತೆಂಗಿನ ನಾರಿನ ಪುಡಿಯನ್ನು ದುಡ್ಡು ಕೊಟ್ಟು ತರಿಸುತ್ತಾರೆ. ನಮ್ಮ ಸುತ್ತ ರೈಸ್ ಮಿಲ್ಲುಗಳಿವೆ, ನೆಲ್ಲಿನ ಹೊಟ್ಟು ಗುಡ್ಡೆ ಗುಡ್ಡೆ ಬಿದ್ದಿರುತ್ತದೆ. ತೂತು ಕೊರೆದ ತಗಡಿನ ಕೊಳವೆಯೊಳಗೆ ಬೆಂಕಿ ಮಾಡಿ, ಸುತ್ತ ಹೊಟ್ಟು ಸುರಿದು, ಅದು ಕಪ್ಪಾಗುತ್ತ ಬಂದ ಹಾಗೆ ಕೈಯಾಡಿಸಿ, ಬೆಳ್ಳಗೆ ಬೂದಿಯಾಗುವ ಮೊದಲೇ ನೀರು ಚಿಮುಕಿಸಿ ಆರಿಸಿದರೆ ಸುಟ್ಟ ಹೊಟ್ಟು ತಯಾರು. ಜಪಾನ್, ಫಿಲಿಪ್ಪೀನ್ಸ್ ದೇಶಗಳಲ್ಲಿ ನರ್ಸರಿಯವರು ಇದನ್ನು ಧಾರಾಳವಾಗಿ ಬಳಸುತ್ತಾರೆ. ಹಗುರ, ಗಾಳಿ ಆಡುತ್ತದೆ, ಸುಟ್ಟದ್ದರಿಂದ ರೋಗದ ಬೀಜ ಇರುವುದಿಲ್ಲ. ಎರಡು ಪಾಲು ಸುಟ್ಟ ಹೊಟ್ಟಿಗೆ ಒಂದು ಪಾಲು ತೊಳೆದ ಉಸುಕು ಬೆರೆಸಿ ಕಡ್ಡಿ ಊರಿ. ಬಾಯ್ಲರಿನ ಬಿಳಿ ಬೂದಿಯನ್ನು ಮಾತ್ರ ನೇರವಾಗಿ ಹಾಕಬೇಡಿ, ಅದರ ಕ್ಷಾರಕ್ಕೆ ಬೇರು ಸುಟ್ಟುಹೋಗುತ್ತದೆ. ಬೇರು ಬಂದ ಮೇಲೆ ಲಿಂಗಸುಗೂರು, ಮಸ್ಕಿ ಕಡೆಯ ಕೆಂಪು ಮಸಾರಿ ಮಣ್ಣು, ಕೊಳೆತ ತಿಪ್ಪೆ ಗೊಬ್ಬರ, ಸುಟ್ಟ ಹೊಟ್ಟು ಸಮಸಮ ಬೆರೆಸಿ ಪಾಕೀಟಿಗೆ ಬದಲಿಸಿ.

ಬೇಸಿಗೆಯ ಬಿಸಿಲಿಗೂ ಇಲ್ಲಿ ಕೆಲಸ ಇದೆ. ಪಾಕೀಟಿಗೆ ಹಾಕುವ ಮಣ್ಣನ್ನು ತೇವ ಮಾಡಿ, ಒಂದು ಗೇಣು ಎತ್ತರ ಹರಡಿ, ಮೇಲೆ ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಮಣ್ಣು ಒತ್ತಿ ಏಪ್ರಿಲ್‌ನಲ್ಲಿ ನಾಲ್ಕರಿಂದ ಆರು ವಾರ ಬಿಡಿ. ಸಸಿಯ ಕತ್ತು ಕೊಳೆಸುವ ಶಿಲೀಂಧ್ರ, ಕಸದ ಬೀಜ, ಬೇರುಗಂಟಿನ ಹುಳ ಬಹುಪಾಲು ಬೆಂದುಹೋಗುತ್ತವೆ. ಮಲೆನಾಡಿನವರಿಗೆ ಇಷ್ಟು ಬಿಸಿಲು ಸಿಗುವುದಿಲ್ಲ. ಆಮೇಲೆ ಟ್ರೈಕೊಡರ್ಮಾ ಬೆರೆಸಿದ ಗೊಬ್ಬರ ಹಾಕಿದರೆ ಇನ್ನೂ ಒಳ್ಳೆಯದು. ಇದರ ಬಗ್ಗೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತಿಳಿಯಬಹುದು.

ನೀರಿನ ಲೆಕ್ಕವನ್ನೂ ಹಾಕೋಣ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಕಾಲುವೆ ನಂಬಿದ ಊರುಗಳೆಲ್ಲ ಉಸಿರು ಬಿಗಿಹಿಡಿದಿದ್ದವು. ನೀರು ಕೈಕೊಟ್ಟ ವರ್ಷ ಎಕರೆ ನೆಲ್ಲು ನಾಟಿ ಮಾಡಲಾಗದು. ಆದರೆ ಸಾವಿರ ಪಾಕೀಟಿಗೆ ದಿನಕ್ಕೆ ಕಾಲು ಲೀಟರಿನಂತೆ ಹಾಕಿದರೂ ಇನ್ನೂರೈವತ್ತು ಲೀಟರ್, ಅಂದರೆ ಒಂದೂಕಾಲು ಬ್ಯಾರಲ್ ನೀರು. ಹಿತ್ತಲಿನ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ, ಸ್ವಸಹಾಯ ಸಂಘಗಳಿಗೆ ಇದು ದಕ್ಕುವ ಲೆಕ್ಕ. ಬೋರ್‌ವೆಲ್ ನೀರು ಉಪ್ಪಾಗಿದ್ದರೆ ಎಲೆಯ ಅಂಚು ಸುಟ್ಟಂತಾಗುತ್ತದೆ. ಅಂಥ ಕಡೆ ತಗಡಿನ ಮೇಲಿನ ಮಳೆನೀರು ಹಿಡಿದಿಟ್ಟುಕೊಂಡು ಎಳೆ ಸಸಿಗೆ ಅದನ್ನೇ ಹಾಕಿ.

ಗಿಡ ತಯಾರಾಯಿತು. ಕಳಿಸುವುದು ಹೇಗೆ? ನೆರಳಿನ ಗಿಡವನ್ನು ನೇರ ಪೆಟ್ಟಿಗೆಗೆ ಹಾಕಬೇಡಿ. ಹತ್ತು ದಿನ ಸ್ವಲ್ಪ ಸ್ವಲ್ಪವೇ ಬಿಸಿಲಿಗೆ ಒಗ್ಗಿಸಿ. ಕಳಿಸುವ ಹಿಂದಿನ ದಿನ ನೀರು ಹಾಕಿ, ಕಳಿಸುವ ದಿನ ಎಲೆ ಒಣಗಿರಲಿ. ಬೇರಿನ ಸುತ್ತ ಹಿಂಡಿದ ಒದ್ದೆ ನಾರು ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಬಿಗಿದು, ಎಲೆಯ ಭಾಗಕ್ಕೆ ಬರೀ ಕಾಗದ ಸುತ್ತಿ. ಪೆಟ್ಟಿಗೆಗೆ ಗಾಳಿ ಕಿಂಡಿ ಇರಲಿ, ಗಿಡ ಅಲುಗಾಡದಂತೆ ಗೋಡೆಗೆ ಟೇಪ್ ಬಿಗಿದಿರಲಿ. ಸೋಮವಾರ, ಮಂಗಳವಾರ ಕಳಿಸಿ. ಶುಕ್ರವಾರ ಕಳಿಸಿದ ಗಿಡ ಭಾನುವಾರ ಯಾವುದೋ ಗೋದಾಮಿನ ಕತ್ತಲಲ್ಲಿ ಬೇಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಎಲೆ ಇರುವ ಗಿಡದ ಆರ್ಡರ್ ತೆಗೆದುಕೊಳ್ಳಬೇಡಿ. ಆಗ ಬೀಜ, ಅಡೇನಿಯಂ, ಒಣ ಕಡ್ಡಿ ಮಾರಿ. ಬೆಂಗಳೂರಿನ ಗಿರಾಕಿ ಬಸ್ ನಿಲ್ದಾಣಕ್ಕೆ ಬರಲು ಒಪ್ಪಿದರೆ, 2021ರಲ್ಲಿ ಸಾರಿಗೆ ನಿಗಮಗಳು ಶುರು ಮಾಡಿದ 'ನಮ್ಮ ಕಾರ್ಗೋ' ಸೇವೆಯನ್ನೂ ವಿಚಾರಿಸಿ. ರಾತ್ರಿ ಬಸ್ಸಿಗೆ ಹಾಕಿದ ಗಿಡಕ್ಕೆ ದಾರಿಯ ಬಿಸಿಲೇ ತಾಕುವುದಿಲ್ಲ.

ಬೆಲೆ ಕಟ್ಟುವಲ್ಲಿ ಹೊಸಬರು ಸೋಲುತ್ತಾರೆ. ಉದಾಹರಣೆಗೆ ಒಂದು ಲೆಕ್ಕ ಹಿಡಿಯೋಣ. ದಾಸವಾಳದ ಗಿಡಕ್ಕೆ ಪಾಕೀಟು, ಮಿಶ್ರಣ, ಮೂರು ತಿಂಗಳ ಕೂಲಿ ಸೇರಿ ಇಪ್ಪತ್ತು ರೂಪಾಯಿ. ಹತ್ತು ಕಡ್ಡಿಯಲ್ಲಿ ಬೇರು ಬಿಟ್ಟದ್ದು ಏಳು, ಆ ಏಳರಲ್ಲಿ ಒಂದು ದಾರಿಯಲ್ಲಿ ಸತ್ತು ಬದಲಿ ಕೊಡಬೇಕಾಯಿತು. ಹತ್ತರ ಖರ್ಚನ್ನು ಆರೇ ಗಿಡ ಹೊರಬೇಕು. ಇಪ್ಪತ್ತರ ಗಿಡ ಮೂವತ್ಮೂರಾಯಿತು. ಪೆಟ್ಟಿಗೆಗೆ ಹದಿನೈದು, ಕೊರಿಯರ್‌ಗೆ ಎಂಬತ್ತು. ಒಂದೇ ಗಿಡ ಕಳಿಸಿದರೆ ಗಿಡಕ್ಕಿಂತ ದಾರಿ ಖರ್ಚೇ ದೊಡ್ಡದು. ಆದ್ದರಿಂದ ನಾಲ್ಕು ಬಣ್ಣದ ನಾಲ್ಕು ದಾಸವಾಳ, 'ಮನೆ ಮದ್ದಿನ ಆರು ಕಡ್ಡಿ', 'ರಾಯಚೂರು ಸೀಮೆಯ ಐದು ಪಲ್ಲೆ ಬೀಜ' ಹೀಗೆ ಕಟ್ಟು ಮಾಡಿ ಮಾರಬೇಕು. ಬೀಜದ ಪೊಟ್ಟಣ ಲಕೋಟೆಯಲ್ಲೇ ಹೋಗುತ್ತದೆ, ಲಾಭ ಉಳಿಯುವುದು ಅಲ್ಲಿ.

ಕಾನೂನಿನ ಮಾತು ಸ್ವಲ್ಪ ಕೇಳಿ. ಜೀವಂತ ಗಿಡಕ್ಕೆ ಜಿಎಸ್‌ಟಿ ಇಲ್ಲ. ಆದರೆ ಬೀಜಕ್ಕೆ 1966ರ ಬೀಜ ಕಾಯ್ದೆ ಇದೆ. ಅಧಿಸೂಚಿತ ತಳಿಯ ಬೀಜವನ್ನು ತಾನೇ ಬೆಳೆದು, ತನ್ನ ಜಾಗದಲ್ಲೇ, ಬಿತ್ತುವವನ ಕೈಗೇ ನೇರ ಮಾರುವವರಿಗೆ ಆ ಕಾಯ್ದೆ ವಿನಾಯಿತಿ ಕೊಟ್ಟಿದೆ. ಪಾರ್ಸಲ್ ಮಾಡಿ ಊರೂರಿಗೆ ಕಳಿಸುವ ವ್ಯಾಪಾರ ಆ ವಿನಾಯಿತಿಯೊಳಗೆ ಬರುತ್ತದೆಂದು ನಂಬಿ ಕೂರಬೇಡಿ. ಆಹಾರ ಬೆಳೆಗಳ ಸಸಿ, ಗಡ್ಡೆ, ಕಡ್ಡಿ, ಕಸಿ ಗಿಡವೂ ಆ ಕಾಯ್ದೆಯ ಲೆಕ್ಕದಲ್ಲಿ ಬೀಜವೇ. ಬೀಜ ವ್ಯಾಪಾರಕ್ಕೆ 1983ರ ಬೀಜ ನಿಯಂತ್ರಣ ಆದೇಶದಂತೆ ಪರವಾನಗಿ ಬೇಕು. ಹಾಗಾಗಿ ಹೂಗಿಡ, ಅಲಂಕಾರದ ಗಿಡದಿಂದ ಶುರು ಮಾಡಿ, ತರಕಾರಿ ಬೀಜಕ್ಕೆ ಇಳಿಯುವ ಮೊದಲು ಕೃಷಿ ಇಲಾಖೆ, ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗಳಲ್ಲಿ ವಿಚಾರಿಸಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ ರೈತನಿಗೆ ತಾನು ಬೆಳೆದ ಬೀಜ ಉಳಿಸುವ, ಹಂಚುವ, ಮಾರುವ ಹಕ್ಕು ಕೊಟ್ಟಿದೆ. ನೋಂದಾಯಿತ ತಳಿಯನ್ನು ಬ್ರಾಂಡ್ ಹೆಸರಿನ ಪೊಟ್ಟಣದಲ್ಲಿ ಮಾರುವ ಹಕ್ಕನ್ನು ಕೊಟ್ಟಿಲ್ಲ. ಹೊರದೇಶಕ್ಕೆ ಕಳಿಸಲು ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಹೊರದೇಶದಿಂದ ಗುರುತಿಲ್ಲದ ಬೀಜದ ಪೊಟ್ಟಣ ಬಂದರೆ ಬಿತ್ತಬೇಡಿ. 2020ರಲ್ಲಿ ಹಲವು ದೇಶಗಳಿಗೆ ಕೇಳದೆಯೇ ಅಂಥ ಪೊಟ್ಟಣಗಳು ಅಂಚೆಯಲ್ಲಿ ಬಂದಾಗ ನಮ್ಮ ಕೇಂದ್ರ ಕೃಷಿ ಸಚಿವಾಲಯವೂ ರಾಜ್ಯಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಹೊರಗಿಂದ ಬಂದ ಗಿಡ ಏನು ಮಾಡುತ್ತದೆ ಎಂಬುದು ತಿಳಿಯಬೇಕಾದರೆ ನಮ್ಮ ಹಳ್ಳದ ದಂಡೆಯ ಬಳ್ಳಾರಿ ಜಾಲಿಯನ್ನು, ಹೊಲದ ಕಾಂಗ್ರೆಸ್ ಕಸವನ್ನು ನೋಡಿದರೆ ಸಾಕು. ಚೆಂದದ ಹೂವೆಂದು ವಾಟರ್ ಹಯಸಿಂತ್ ಮಾರುವವರಿದ್ದಾರೆ. ಕಾಲುವೆಯ ನೀರು ನಂಬಿದ ನಾವು ಅದನ್ನು ಮುಟ್ಟಲೂಬಾರದು.

ಸರ್ಕಾರಿ ಸಂಸ್ಥೆಗಳೂ ಈ ದಾರಿಗೆ ಬಂದಿವೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತನ್ನ ಅರ್ಕಾ ತಳಿಗಳ ತರಕಾರಿ ಬೀಜವನ್ನು ಆನ್‌ಲೈನ್‌ನಲ್ಲಿ ಮಾರುತ್ತಿದೆ. ಅಲ್ಲಿ ತಳಿಯ ಹೆಸರು, ಗುಣ ಎಲ್ಲವೂ ಖಚಿತ. ಸಣ್ಣ ರೈತನೂ ಹಿಡಿಯಬೇಕಾದ ಅಳತೆಗೋಲು ಅದೇ.

ಕೊನೆಯದಾಗಿ, ಈ ಕಸುಬಿಗೆ ಇಳಿಯಬೇಕೆಂದಿರುವ ತಂಗಿಯರಿಗೆ, ತಮ್ಮಂದಿರಿಗೆ ನನ್ನ ಸಲಹೆ ಇದು. ಮೊದಲ ವರ್ಷ ಮೊಬೈಲಿನಲ್ಲಿ ಅಂಗಡಿ ತೆರೆಯಬೇಡಿ, ತಾಯಿ ಗಿಡ ಕೂಡಿಸಿ. ಹತ್ತು ಹನ್ನೆರಡು ಒಳ್ಳೆಯ ಗಿಡ ಸಾಕು. ಪ್ರತಿಯೊಂದಕ್ಕೂ ಒಂದು ನಂಬರ್ ಕೊಡಿ. ಯಾರಿಂದ ಬಂತು, ಎಂದು ನೆಟ್ಟೆ, ಹೂವು ಯಾವಾಗ, ಬಣ್ಣ ಯಾವುದು, ರೋಗ ಏನಾದರೂ ಕಂಡಿತೇ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಗಿಡಕ್ಕೆ ಕಟ್ಟುವ ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ನಮ್ಮ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಅಳಿಸಿಹೋಗುತ್ತದೆ. ಮಾರುವಾಗ ಆ ನಂಬರನ್ನೇ ಪಾರ್ಸಲ್ ಮೇಲೆ ಬರೆಯಿರಿ, ತಾಯಿ ಗಿಡದ ಚಿತ್ರವನ್ನೂ ಕಳಿಸುವ ಸಸಿಯ ಚಿತ್ರವನ್ನೂ ಎರಡನ್ನೂ ತೋರಿಸಿ. ಗಿಡ ಸತ್ತು ತಲುಪಿದರೆ ತಕರಾರಿಲ್ಲದೆ ಇನ್ನೊಂದು ಕಳಿಸಿ. ಗೊತ್ತಿಲ್ಲದ ಗಿಡಕ್ಕೆ ಹೆಸರು ಕಟ್ಟಿ ಮಾರಬೇಡಿ. ಹೀಗೆ ನಡೆದುಕೊಂಡವರ ಗಿಡಕ್ಕೆ ಗಿರಾಕಿಗಳೇ ಗಿರಾಕಿಗಳನ್ನು ತರುತ್ತಾರೆ, ಜಾಹೀರಾತಿನ ಖರ್ಚು ಇರುವುದಿಲ್ಲ. ಈ ಮುಂಗಾರಿನ ಮೊದಲ ಹದ ಮಳೆಗೇ ತಾಯಿ ಗಿಡ ಕೂಡಿಸುವ ಕೆಲಸ ಶುರು ಮಾಡಿ.